ಬೆಲ್ಟು ನಿಂತ ಮೇಲೆ

ಹೊಸಪೇಟೆ
8 ಜೂನ್ 2025

ಅಕ್ಕಾ,

ಈ ಕಾಗದದ ಜೊತೆ ಒಂದು ಹಳೆಯ ಫೋನಿದೆ. ಕಂಪ್ಲಿ ಬಸ್ಸಿನ ಕಂಡಕ್ಟರ್ ಹುಲುಗೇಶನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅದರಲ್ಲಿ ಸಿಮ್ ಇಲ್ಲ, ಕರೆ ಬರುವುದಿಲ್ಲ. ಹಚ್ಚಿದರೆ ಒಂದು ಸಣ್ಣ ರೋಬೋಟಿನ ಚಿತ್ರ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರೆ ಗೇಮ್ ಶುರುವಾಗುತ್ತದೆ. ಹೆಸರು ‘ಕಬ್ಬಿಣದ ಕೂಸು’. ನಾನೇ ಮಾಡಿದ್ದು.

ಹಗಲು ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದವರ, ತೀರಿಹೋದವರ ಬ್ಯಾನರು ಮಾಡುತ್ತೇನೆ. ಸಂಜೆ ಅದೇ ಕಂಪ್ಯೂಟರಿನಲ್ಲಿ ಈ ಕೆಲಸ. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಪೂಜಿತಾ ಸಂಗೀತ ಹಾಕಿಕೊಟ್ಟಿದ್ದಾಳೆ. ನಾನು ಸಣ್ಣವನಿದ್ದಾಗ ನಿನ್ನ ಮನೆಯ ಟಿ.ವಿ.ಗೆ ವೈರು ಸಿಕ್ಕಿಸಿ ಕ್ಯಾಸೆಟ್ಟಿನ ಗೇಮ್ ಆಡುತ್ತಿದ್ದೆನಲ್ಲ, ಇದೂ ಆ ಕಾಲದ್ದರ ಹಾಗೆಯೇ. ಚೌಕ ಚೌಕದ ಚಿತ್ರ. ಎಡದಿಂದ ಬಲಕ್ಕೆ ಓಡಬೇಕು, ಜಿಗಿಯಬೇಕು, ಗುಂಡು ಹಾರಿಸಬೇಕು. ಪ್ರತಿ ಹಂತದ ಕೊನೆಗೆ ಒಂದು ದೊಡ್ಡ ರೋಬೋಟ್ ಎದುರಾಗುತ್ತದೆ, ಅದನ್ನು ಬೀಳಿಸಬೇಕು. ದೀಪಾವಳಿಗೆ ಎಲ್ಲರ ಫೋನಿಗೂ ಸಿಗುವಂತೆ ಬಿಡುತ್ತೇವೆ.

ಅದಕ್ಕೆ ಮುಂಚೆ, ಗೇಮಿನ ಗಂಧವೇ ಇಲ್ಲದವರು ಯಾರಾದರೂ ಒಮ್ಮೆ ಆಡಿ ನೋಡಲಿ ಎನ್ನುತ್ತಾಳೆ ಪೂಜಿತಾ. ನನಗೆ ನಿನ್ನ ನೆನಪಾಯಿತು. ಮುಖ ನೋಡಿ ಮಾತಾಡುವವಳಲ್ಲ ನೀನು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ಎರಡನ್ನೂ ಬರಿ. ಫೋನ್ ಮಾಡಬೇಡ. ಆ ಮನೆಯ ನಂಬರು ಕಂಡರೆ ನನಗೆ ಎತ್ತಲು ಆಗುವುದಿಲ್ಲ, ನಿನಗೆ ಗೊತ್ತು.

ಮಾಮನಿಗೆ ತೋರಿಸಬೇಡ.

ನಿನ್ನ ತಮ್ಮ
ಹಂಪೇಶ್


ಕಂಪ್ಲಿ
27 ಜೂನ್ 2025

ತಮ್ಮಾ ಹಂಪೇಶ,

ಪಂಪಾಪತಿಯ ದಯೆಯಿಂದ ಇಲ್ಲಿ ಉಣ್ಣುವುದಕ್ಕೆ, ಮಲಗುವುದಕ್ಕೆ ತೊಂದರೆಯಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ಕೇಳಿದರೆ ಉತ್ತರ ಕೊಡುವವನಲ್ಲ ನೀನು, ಅದಕ್ಕೆ ಕೇಳುವುದಿಲ್ಲ.

ಫೋನು ಬಂತು. ಹುಲುಗೇಶ ಬಾಗಿಲಿಗೆ ಬಂದು ಕೊಟ್ಟು, “ಅಕ್ಕಾರ, ನಿಮ್ಮ ತಮ್ಮ ಈ ವಯಸ್ಸಿನ್ಯಾಗ ನಿಮ್ಮನ್ನ ಗೇಮ್ ಆಡಾಕ ಹಚ್ಚ್ಯಾನಲ್ರಿ” ಎಂದು ನಕ್ಕು ಹೋದ. ನಾನೂ ನಕ್ಕೆ. ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವಳು, ಐವತ್ತು ದಾಟುತ್ತಿರುವವಳು, ದೇವರ ಜಗಲಿಯ ಮುಂದೆ ಕುಳಿತು ರೋಬೋಟ್ ಕುಣಿಸುತ್ತಿದ್ದೇನೆ ಎಂದರೆ ಓಣಿಯವರು ಏನಂದಾರು! ಮಧ್ಯಾಹ್ನ ನಿನ್ನ ಮಾಮ ಅಕ್ಕಿ ಮಿಲ್ಲಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಆಡುತ್ತೇನೆ. ಸೋಮವಾರ ಉಪವಾಸ, ಅವತ್ತು ಮುಟ್ಟುವುದಿಲ್ಲ.

ಮೊದಲು ಒಳ್ಳೆಯದು. ನಿನ್ನ ಕೂಸು ಹೇಳಿದ ಮಾತು ಕೇಳುತ್ತದೆ. ಗುಂಡಿಯನ್ನು ಮುಟ್ಟಿ ಬಿಟ್ಟರೆ ಚೂರೇ ಚೂರು ಜಿಗಿಯುತ್ತದೆ, ಒತ್ತಿ ಹಿಡಿದರೆ ಎತ್ತರಕ್ಕೆ ಹೋಗುತ್ತದೆ. ಬಿದ್ದರೆ ತಪ್ಪು ನನ್ನದೇ ಎಂದು ಗೊತ್ತಾಗುತ್ತದೆ, ಅದನ್ನು ಬೈಯಬೇಕೆನಿಸುವುದಿಲ್ಲ. ಸಂಡೂರಿನ ಗುಡ್ಡದ ಹಂತದಲ್ಲಿ ಕೂಸಿನ ಕಾಲಿಗೆ ಕೆಂಪು ಮಣ್ಣು ಹತ್ತಿಕೊಂಡು ಹೋಗುವಂತೆ ಮಾಡಿದ್ದೀಯ. ಅದನ್ನು ನೋಡಿ ಸ್ವಲ್ಪ ಹೊತ್ತು ಆಡದೆ ಕುಳಿತೆ. ನೀನು ಸಂಡೂರಿನಿಂದ ಬಂದಾಗ ನಿನ್ನ ಪ್ಯಾಂಟನ್ನು ಎಷ್ಟು ಸಲ ಒಗೆದರೂ ಆ ಕೆಂಪು ಹೋಗುತ್ತಿರಲಿಲ್ಲ.

ದರೋಜಿಯ ಕರಡಿ ರೋಬೋಟ್ ಚೆನ್ನಾಗಿದೆ. ಅದು ಸಿಟ್ಟಿಗೇಳುವ ಮೊದಲು ನಿಂತು ಮೂಸುತ್ತದೆ, ಹೊಡೆಯುತ್ತೇನೆ ಎಂದು ಮೊದಲೇ ತಿಳಿಸುತ್ತದೆ. ಅದು ನ್ಯಾಯ. ಎಲ್ಲಕ್ಕಿಂತ ಮೆಚ್ಚಿದ್ದು ಇನ್ನೊಂದು. ಒಬ್ಬೊಬ್ಬ ದೊಡ್ಡವನನ್ನು ಬೀಳಿಸಿದಾಗಲೂ ಅವನ ವಿದ್ಯೆ ಕೂಸಿಗೆ ಬರುತ್ತದೆ. ಕರಡಿ ಬಿದ್ದ ಮೇಲೆ ಮರ ಹತ್ತುವುದಕ್ಕೆ ಬಂತು, ನದಿಯ ರೋಬೋಟ್ ಬಿದ್ದ ಮೇಲೆ ಹರಿಗೋಲು ಹಾಕುವುದಕ್ಕೆ ಬಂತು. ಸೋತವನನ್ನು ಎಸೆದು ಹೋಗದೆ ಅವನಿಂದ ಕಲಿತು ಹೋಗುತ್ತದೆ. ಇದನ್ನು ಯಾರು ಯೋಚನೆ ಮಾಡಿದರು, ನೀನೋ ಆ ಹುಡುಗಿಯೋ?

ಇನ್ನು ಕೆಟ್ಟದ್ದು. ಪೆಟ್ಟು ತಿಂದ ಕೂಸು ಹಿಂದಕ್ಕೆ ಹಾರುತ್ತದೆ, ಹಿಂದೆ ಹೊಂಡವಿದ್ದರೆ ಅದರೊಳಗೇ ಬೀಳುತ್ತದೆ. ಒಂದು ತಪ್ಪಿಗೆ ಎರಡು ಶಿಕ್ಷೆ ಆಯಿತಲ್ಲ? ಸತ್ತರೆ ತೀರ ಹಿಂದಿನಿಂದ ಶುರು ಮಾಡಿಸುತ್ತೀಯ, ಸೊಸೆಯನ್ನು ಗೋಳಾಡಿಸುವ ಅತ್ತೆಯ ಹಾಗೆ. ಒಮ್ಮೆ ಹೊಡೆದು ಬೀಳಿಸಿದ ಪುಟ್ಟ ರೋಬೋಟುಗಳು, ನಾನು ಚೂರು ಹಿಂದೆ ಹೋಗಿ ಬಂದರೆ ಏನೂ ಆಗದವರ ಹಾಗೆ ಮತ್ತೆ ಅಲ್ಲೇ ನಿಂತಿರುತ್ತವೆ. ಹೊಡೆದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಹಾಗೆಯೇ, ಹಂಪಿಯ ಕಲ್ಲುಕಂಬದ ಮಂಟಪದಲ್ಲಿ ಗುಂಡು ಹಾರಿಸು ಎನ್ನುತ್ತೀಯ. ಗುಡಿಯೊಳಗೆ ನನ್ನ ಕೈಯಿಂದ ಅದು ಆಗಲಿಲ್ಲ. ಆ ಹಂತವನ್ನು ಒಂದು ಗುಂಡೂ ಹಾರಿಸದೆ ಬರೀ ಜಿಗಿದೇ ದಾಟಿದೆ, ಕೊನೆಯ ದೊಡ್ಡವನನ್ನೂ ತಲೆಯ ಮೇಲೆ ಜಿಗಿದೇ ಬೀಳಿಸಿದೆ. ದಾಟಬಹುದು, ನಿನಗೆ ಗೊತ್ತಿರಲಿಕ್ಕಿಲ್ಲ.

ಕೊನೆಯ ಹಂತ ಇನ್ನೂ ಮುಟ್ಟಿಲ್ಲ. ಗಂಡನಿಂದ ಮುಚ್ಚಿಟ್ಟಂತಾಯಿತು, ಆದರೂ ನಿನ್ನ ಮಾಮನಿಗೆ ತೋರಿಸಿಲ್ಲ. ಜಗಲಿಯ ಹಿಂದೆ ಮಡಿ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಅವರು ಈಗ ಆ ಕಡೆ ಬರುವುದಿಲ್ಲ.

ನಿನ್ನ ಅಕ್ಕ
ಭರಮಮ್ಮ


ಕಂಪ್ಲಿ
21 ಜುಲೈ 2025

ಹಂಪೇಶ,

ಕೊನೆಯ ಹಂತ ಮುಟ್ಟಿದೆ. ಯಾಕೆ ತೋರಿಸಬೇಡ ಎಂದೆ ಎಂಬುದು ಈಗ ಗೊತ್ತಾಯಿತು.

ಅದು ಸಂಡೂರಿನ ನಮ್ಮ ಕ್ರಷರ್, ನೀನೂ ನಿನ್ನ ಮಾಮನೂ ದುಡಿದದ್ದು. ಅದಿರು ಪುಡಿ ಮಾಡುವ ಆ ಜಾಗ, ಮೇಲಕ್ಕೆ ಹೋಗುವ ಬೆಲ್ಟು, ಪಕ್ಕದ ಕಟ್ಟೆ, ತಗಡಿನ ಚಾವಣಿ, ಎಲ್ಲ ಹಾಗೆಯೇ ಇದೆ. ಕಟ್ಟೆಯ ಮೇಲೆ ನಿಂತ ದೊಡ್ಡ ರೋಬೋಟಿಗೆ ‘ಮೇಸ್ತ್ರಿ’ ಎಂದು ಹೆಸರಿಟ್ಟಿದ್ದೀಯ. ಅವನು ಟವೆಲ್ ಕೊಡವಿ ಎಡ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಗಂಟಲು ಸರಿ ಮಾಡಿಕೊಂಡಂತೆ ಒಂದು ಸದ್ದು. ಆಮೇಲೆ ಬಲಗೈ ಎತ್ತುತ್ತಾನೆ. ಕೈ ಎತ್ತಿದ ಕೂಡಲೇ ಬೆಲ್ಟು ಓಡುತ್ತದೆ, ಕೂಸು ಕಾಲು ತಪ್ಪಿ ಕೆಳಗೆ ಹೋಗಿ ಸಾಯುತ್ತದೆ.

ಆ ಟವೆಲ್ಲನ್ನು ದಿನಾ ಒಗೆದು ಹಾಕುವವಳು ನಾನು. ನನಗೆ ಹೆಸರು ಓದುವ ಅಗತ್ಯವೇ ಇರಲಿಲ್ಲ.

ನಾಲ್ಕು ವರ್ಷದಿಂದ ನಾವಿಬ್ಬರೂ ಆಡದ ಮಾತು ಇದು. ನೀನು ಚಿತ್ರ ಬರೆದು ಆಡಿದ್ದೀಯ, ನಾನು ಬರೆದು ಆಡುತ್ತೇನೆ. ಆಯುಧಪೂಜೆಯ ದಿನ ಮಷೀನುಗಳನ್ನು ನಿಲ್ಲಿಸಿ ತೊಳೆದಿದ್ದಿರಿ. ಹೂವು ಏರಿಸಿ, ವಿಭೂತಿ ಹಚ್ಚಿ, ಕಾಯಿ ಒಡೆದ ಮೇಲೆ ಬೆಲ್ಟನ್ನು ಖಾಲಿ ಒಂದು ಸುತ್ತು ಓಡಿಸುವುದು ನಿಮ್ಮಲ್ಲಿ ಪದ್ಧತಿ. ಕಾಯಿ ಒಡೆದ ಸದ್ದೇ ಗುರುತು. ಅವತ್ತು ಆ ಕಡೆ ಆಫೀಸಿನ ಮುಂದೆ ಜೀಪಿಗೂ ಪೂಜೆ ನಡೆದಿತ್ತು. ಜೀಪಿನ ಕಾಯಿ ಮೊದಲು ಒಡೆಯಿತು. ಕಟ್ಟೆಯ ಮೇಲಿದ್ದ ನಿನ್ನ ಮಾಮ, ಬೆಲ್ಟಿನ ಕಾಯಿಯೇ ಒಡೆದರು ಎಂದುಕೊಂಡು ಕೈ ಎತ್ತಿದರು. ಸ್ವಿಚ್ಚಿನ ಹತ್ತಿರ ಇದ್ದವನು ಕೈ ನೋಡಿ ಸ್ವಿಚ್ ಹಾಕಿದ. ಕೆಳಗಿನ ರೋಲರಿಗೆ ಚೆಂಡು ಹೂವಿನ ಸರ ಕಟ್ಟಲು ಯಲ್ಲೇಶ ಬೆಲ್ಟಿನ ಅಡಿಗೆ ಹೋಗಿದ್ದ.

ಯಲ್ಲೇಶ ನಿನ್ನ ಗೆಳೆಯ. ನನ್ನ ಮನೆಯಲ್ಲಿ ನನ್ನ ಕೈಯ ರೊಟ್ಟಿ ಉಂಡವನು. ನೀನು ಹಣ್ಣುಕಾಯಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಮಣ್ಣು ಕೊಟ್ಟು ಬಂದ ದಿನ ನಮ್ಮ ಪಡಸಾಲೆಯಲ್ಲಿ ನಿಂತು, “ಕೊಂದವನ ಮನಿಯಾಗ ನೀರು ಕುಡಿಯಂಗಿಲ್ಲ” ಎಂದು ಹೊರಟವನು ಮತ್ತೆ ಬರಲಿಲ್ಲ. ನಿನ್ನ ಮಾಮ ಕ್ರಷರ್ ಬಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಕಾಯಿ ಒಡೆದಿಲ್ಲ. ಒಡೆದ ಸದ್ದಿಗೆ ಅವರು ಎದ್ದು ಬೀದಿಗೆ ಹೋಗಿ ನಿಲ್ಲುತ್ತಾರೆ. ಹಬ್ಬಕ್ಕೆ ಕಾಯಿಯನ್ನು ಗುಡಿಗೆ ಒಯ್ದು ಅಲ್ಲಿಯೇ ಒಡೆಸಿಕೊಂಡು, ಹೋಳುಗಳನ್ನು ಸೆರಗಿನಲ್ಲಿ ಮುಚ್ಚಿ ತರುತ್ತೇನೆ.

ನೀನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಕ್ಷಮೆ ಕೊಡಬೇಕಾದವಳು ಬೇರೆ ಇದ್ದಾಳೆ, ದರೋಜಿಯಲ್ಲಿ, ಅವನನ್ನು ಹೆತ್ತವಳು. ಆದರೆ ದೀಪಾವಳಿಗೆ ಇದು ಊರೂರಿನ ಮಕ್ಕಳ ಫೋನಿಗೆ ಹೋಗುತ್ತದೆ. ಯಾರ್ಯಾರೋ ಬಂದು ಬಂದು ಆ ಟವೆಲ್ ಹಾಕಿದವನಿಗೆ ಗುಂಡು ಹೊಡೆದು ಬೀಳಿಸಿ ಕುಣಿಯುತ್ತಾರೆ. ಅದನ್ನು ತೆಗೆದುಹಾಕು. ಬೇರೆ ಮುಖ ಬರಿ, ಬೇರೆ ನಡಿಗೆ ಬರಿ.

ಒಳ್ಳೆಯದು ಕೆಟ್ಟದ್ದು ಬರಿ ಎಂದೆಯಲ್ಲ, ಗೇಮಿನ ಲೆಕ್ಕದಲ್ಲೇ ಹೇಳುತ್ತೇನೆ. ಉಳಿದ ಒಬ್ಬೊಬ್ಬನನ್ನು ಗೆದ್ದಾಗಲೂ ಒಂದು ವಿದ್ಯೆ ಬರುತ್ತದೆ. ಮೇಸ್ತ್ರಿ ಬಿದ್ದರೆ ಏನೂ ಬರುವುದಿಲ್ಲ, ಬರೀ ಪಟಾಕಿ ಹಾರುತ್ತದೆ. ಅವರ ಹತ್ತಿರ ಎಂಟು ವರ್ಷ ಕೆಲಸ ಕಲಿತವನು ನೀನು.

ಭರಮಮ್ಮ


ಹೊಸಪೇಟೆ
4 ಆಗಸ್ಟ್ 2025

ಅಕ್ಕಾ,

ಹಿಂದಿನಿಂದ ಶುರು ಮಾಡಿಸುವುದನ್ನು ಸರಿ ಮಾಡಿದ್ದೇನೆ, ನಡುವೆ ಎರಡು ಕಡೆ ತಂಗುವ ಜಾಗ ಇಟ್ಟೆ. ಪೆಟ್ಟು ತಿಂದಾಗ ಹಿಂದಕ್ಕೆ ಹಾರುವುದನ್ನು ಅರ್ಧ ಮಾಡಿದೆ. ಮಂಟಪದ ಹಂತವನ್ನು ಗುಂಡು ಹಾರಿಸದೆ ಮೊದಲು ದಾಟಿದವಳು ನೀನೇ. ಪೂಜಿತಾ ನಂಬಲಿಲ್ಲ, ತಾನೇ ಆಡಿ ನೋಡಿ ಆಗುತ್ತದೆ ಎಂದಳು.

ಮೇಸ್ತ್ರಿಯನ್ನು ತೆಗೆಯುವುದಿಲ್ಲ.

ಆ ಕಾಲದ ಗೇಮುಗಳಲ್ಲಿ ಕೊನೆಗೆ ಒಬ್ಬ ಕೆಟ್ಟವ ಇರಲೇಬೇಕು. ಕೆಟ್ಟವ ಹೇಗಿರುತ್ತಾನೆ ಎಂದು ಯೋಚಿಸಿದಾಗ ನನ್ನ ಕೈಗೆ ಬರುವ ಚಿತ್ರ ಅದೊಂದೇ. ಬೇರೆ ಬರೆದು ನೋಡಿದೆ ಅಕ್ಕಾ. ಕೊಂಬು ಹಚ್ಚಿದೆ, ಕೆಂಪು ಕಣ್ಣು ಹಚ್ಚಿದೆ. ಎಲ್ಲ ಗೊಂಬೆಗಳಾದವು. ಆ ಕೈ ಮೇಲೇಳುವುದನ್ನು ಬರೆದ ದಿನ ಮಾತ್ರ ಗೇಮಿಗೆ ಜೀವ ಬಂತು. ಪೂಜಿತಾಗೆ ಏನೂ ಗೊತ್ತಿರಲಿಲ್ಲ, ಆದರೂ ನೋಡಿ ಹೆದರಿದಳು.

ನೀನು ಹೇಳುವುದು ಸರಿಯೇ ಇರಬಹುದು, ಮಾಮ ಬೇಕಂತ ಮಾಡಲಿಲ್ಲ. ಆದರೆ ಕೂಸು ಸತ್ತರೆ ‘ಮತ್ತೆ ಆಡು’ ಎಂಬ ಗುಂಡಿ ಬರುತ್ತದೆ. ಯಲ್ಲೇಶನಿಗೆ ಯಾವ ಗುಂಡಿ ಇದೆ? ಒಂದು ಕಡೆಯಾದರೂ ನಾನು ಮೇಸ್ತ್ರಿಯನ್ನು ಬೀಳಿಸುತ್ತೇನೆ. ಅಲ್ಲಿ ಯಾರಿಗೂ ನೋವಾಗುವುದಿಲ್ಲ, ಬರೀ ಚೌಕಗಳು.

ಇದರ ಬಗ್ಗೆ ಮತ್ತೆ ಬರೆಯಬೇಡ.

ಹಂಪೇಶ್


ಕಂಪ್ಲಿ
31 ಆಗಸ್ಟ್ 2025

ತಮ್ಮಾ,

ಬರೆಯಬೇಡ ಎಂದೆ. ಬರೆಯದೆ ಇರಬೇಕೆಂದೇ ಇದ್ದೆ. ಆದರೆ ನಡೆದದ್ದನ್ನು ನಿನ್ನಿಂದ ಮುಚ್ಚಿಡಲು ನನಗೆ ಆಗದು.

ಶ್ರಾವಣದ ಕಡೆಯ ಸೋಮವಾರ ಗುಡಿಗೆ ಹೋಗಿ ಬರುವಷ್ಟರಲ್ಲಿ ನಿನ್ನ ಮಾಮ ಬಾಗಿಲಲ್ಲಿ ಕುಳಿತಿದ್ದರು, ಕೈಯಲ್ಲಿ ಆ ಫೋನು. ಹಬ್ಬಕ್ಕೆ ಸುಣ್ಣ ಹಚ್ಚಲೆಂದು ಜಗಲಿಯ ಸಾಮಾನು ಸರಿಸಿದ್ದರಂತೆ. ಅವರು ತಲೆ ಎತ್ತದೆ, “ಹಂಪೇಶಂದು ಕೆಲಸ ಅಲ್ಲೇನು ಇದು?” ಎಂದರು. ಹೂಂ ಎಂದೆ. “ಮಣ್ಣಿನ ಬಣ್ಣ ನೋಡಿದ ಕೂಡ್ಲೇ ಅಂದ್ಕೊಂಡೆ” ಎಂದು ಮತ್ತೆ ಆಡತೊಡಗಿದರು.

ಕಸಿದುಕೊಳ್ಳಲಿಲ್ಲ ನಾನು. ಅವರ ಬೆರಳು ದಪ್ಪ, ಜಿಗಿಯುವ ಗುಂಡಿ ಒತ್ತಿದರೆ ಗುಂಡಿನದೂ ಒತ್ತಿಬಿಡುತ್ತದೆ. ಅದನ್ನು ಕೆಟ್ಟದ್ದರ ಲೆಕ್ಕಕ್ಕೆ ಬರೆದುಕೋ, ಗುಂಡಿಗಳು ಹತ್ತಿರ ಹತ್ತಿರ ಇವೆ. ಮಿಲ್ಲಿನಿಂದ ಬಂದ ಮೇಲೆ ದಿನಾ ಆಡಿದರು. ಎಲ್ಲಿಯವರೆಗೆ ಬಂದರು ಎಂದು ನಾನು ಅಡುಗೆ ಮನೆಯಿಂದ ಸಂಗೀತ ಕೇಳಿ ತಿಳಿದುಕೊಳ್ಳುತ್ತಿದ್ದೆ. ಕರಡಿಯದಾಯಿತು, ನದಿಯದಾಯಿತು, ಮಂಟಪದ್ದಾಯಿತು. ಕೊನೆಯ ಹಂತದ ಸಂಗೀತ ಬಂದ ದಿನ ರೊಟ್ಟಿ ತಟ್ಟುವುದನ್ನು ಬಿಟ್ಟು ಪಡಸಾಲೆಗೆ ಬಂದೆ.

ಮೇಸ್ತ್ರಿ ಟವೆಲ್ ಹಾಕಿಕೊಂಡ. ಕೈ ಎತ್ತಿದ. ಕೂಸು ಬಿತ್ತು. ಮತ್ತೆ ಆಡಿದರು, ಮತ್ತೆ ಬಿತ್ತು. ನಿನ್ನ ಮಾಮನ ಮುಖದಲ್ಲಿ ಏನೂ ಕಾಣಲಿಲ್ಲ. ಎಷ್ಟೋ ಸಲ ಸತ್ತು, ಕೊನೆಗೆ ಮೇಸ್ತ್ರಿಯನ್ನು ಬೀಳಿಸಿದರು. ಪಟಾಕಿ ಹಾರಿತು. “ನನ್ನಂಗ ಬರದಾನ” ಎಂದರು, ಅಷ್ಟೇ. ಸಿಟ್ಟಿರಲಿಲ್ಲ. ತೆಗೆಸುತ್ತೇನೆ, ಅವನಿಗೆ ಬರೆದಿದ್ದೇನೆ ಎಂದು ನಾನು ಹೇಳಿದೆ. ಅದಕ್ಕೆ, “ಬ್ಯಾಡ. ಹುಡುಗ ಕಂಡಂಗ ಬರದಾನ” ಎಂದರು.

ಮರುದಿನವೂ ಆಡಿದರು, ಅದರ ಮರುದಿನವೂ. ಬೇರೆ ಹಂತಗಳನ್ನು ಬಿಟ್ಟು ನೇರ ಕ್ರಷರಿಗೇ ಹೋಗುತ್ತಿದ್ದರು. ತನ್ನ ಮೇಲೆ ತಾನೇ ಗುಂಡು ಹಾರಿಸುವ ಗಂಡನನ್ನು ನೋಡುತ್ತ ಕುಳಿತುಕೊಳ್ಳುವುದು ಹೇಗಿರುತ್ತದೆ ಎಂದು ನಿನಗೆ ಬರೆದು ತಿಳಿಸಲು ನನಗೆ ಬರುವುದಿಲ್ಲ. ಬರೀ ಚೌಕಗಳು ಎಂದೆಯಲ್ಲ. ಇರಲಿ.

ಗೌರಿ ಹಬ್ಬದ ಮರುದಿನ ಫೋನನ್ನು ನನ್ನ ಕೈಗೆ ಕೊಟ್ಟು ಅವರು ಹೇಳಿದ್ದನ್ನು ಅವರ ಬಾಯಲ್ಲಿ ಬಂದಂತೆಯೇ ಬರೆಯುತ್ತೇನೆ.

“ಅವನಿಗೆ ಬರಿ. ಕೆಲಸ ಭಾಳ ಚಲೋ ಐತಿ. ಒಂದು ತಪ್ಪೈತಿ. ಬೆಲ್ಟಿನ ಮಗ್ಗಲಿಗೆ ಹಗ್ಗ ಇಲ್ಲ. ಯಾರರ ಸಿಕ್ಕಂಡ್ರ ಎಳದ್ರ ನಿಲ್ಲೋ ಹಗ್ಗ. ನಮ್ಮಲ್ಲೂ ಇರಲಿಲ್ಲ, ಹರದು ಹೋಗಿತ್ತು, ನಾನು ಕಟ್ಟಿಸಲಿಲ್ಲ. ಅವನ ಬೆಲ್ಟಿಗರ ಇರ್ಲಿ.”

ಇದನ್ನು ತಲುಪಿಸುವುದಷ್ಟೇ ನನ್ನ ಕೆಲಸ.

ಅಕ್ಕ


ಹೊಸಪೇಟೆ
17 ಸೆಪ್ಟೆಂಬರ್ 2025

ಅಕ್ಕಾ,

ನಿನ್ನ ಕಾಗದ ಬಂದು ಎರಡು ವಾರ ಆಯಿತು. ಮೊದಲ ವಾರ ಕಂಪ್ಯೂಟರ್ ಮುಟ್ಟಲಿಲ್ಲ.

ಹಗ್ಗ ಹಾಕಿದ್ದೇನೆ. ಬೆಲ್ಟಿನ ಉದ್ದಕ್ಕೂ ಹೋಗುತ್ತದೆ. ಕೂಸು ಜಿಗಿದು ಹಿಡಿದು ಜಗ್ಗಿದರೆ ಬೆಲ್ಟು ನಿಲ್ಲುತ್ತದೆ. ಆದರೆ ಹಾಕಿದ ಮೇಲೆ ಗೇಮು ಕೆಟ್ಟಿತು. ಬೆಲ್ಟು ನಿಂತ ಮೇಲೆ ಮೇಸ್ತ್ರಿಯನ್ನು ಹೊಡೆಯುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಅವನು ಕೈ ಎತ್ತುತ್ತಾನೆ, ಏನೂ ಆಗುವುದಿಲ್ಲ. ಕಟ್ಟೆಯ ಮೇಲೆ ಹಾಗೆಯೇ ನಿಂತಿರುತ್ತಾನೆ. ಕೂಸೂ ನಿಂತಿರುತ್ತದೆ. ಪೂಜಿತಾ ಆಡಿ ನೋಡಿ, “ಇಷ್ಟು ದೂರ ಬಂದವ್ರಿಗೆ ಕೊನಿಗೆ ಏನು ಸಿಗತೈತಿ? ಇದು ಮುಗಿದಂಗ ಅಲ್ಲ, ಕರೆಂಟ್ ಹೋದಂಗ ಐತಿ” ಎಂದಳು. ಸರಿಯಾಗಿಯೇ ಹೇಳಿದಳು.

ಹಗ್ಗ ತೆಗೆಯಲೂ ಮನಸ್ಸು ಬರುತ್ತಿಲ್ಲ. ನಮ್ಮ ಹಗ್ಗ ಹರಿದಿದ್ದು ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನಾನು ಬೆಲ್ಟು ಬರೆಯುವಾಗ ಅದರ ನೆನಪೇ ಆಗಲಿಲ್ಲ. ಆ ಕೈ ಒಂದೇ ನೆನಪಿತ್ತು.

ಬೆಲ್ಟು ನಿಂತ ಮೇಲೆ ಏನಾಗಬೇಕು? ಅವರನ್ನು ಕೇಳು. ನಾನು ಕೇಳಿದೆ ಎಂದೇ ಹೇಳು.

ಹಂಪೇಶ್


ಕಂಪ್ಲಿ
3 ಅಕ್ಟೋಬರ್ 2025

ತಮ್ಮಾ,

ನೀನು ಕೇಳಿದೆ ಎಂದೇ ಹೇಳಿದೆ. ಬಹಳ ದಿನ ಉತ್ತರ ಕೊಡಲಿಲ್ಲ. ನಾನೂ ತಿರುಗಿ ಕೇಳಲಿಲ್ಲ.

ಮೊನ್ನೆ ಆಯುಧಪೂಜೆ ಬಂತಲ್ಲ. ಅವರು ಕೆಲಸ ಮಾಡುವ ಅಕ್ಕಿ ಮಿಲ್ಲಿನಲ್ಲಿ ಪೂಜೆಯ ದಿನ ರಜೆ ಹಾಕಿ ನದಿಯ ಕಡೆ ಹೋಗಿಬಿಡುವುದು ಅವರ ರೂಢಿ. ಈ ಸಲ ನದಿಗಲ್ಲ, ಮಿಲ್ಲಿಗೇ ಹೋದರು. ಅಲ್ಲಿ ನಡೆದದ್ದನ್ನು ಮಿಲ್ಲಿನ ಹಮಾಲಿ ಉಚ್ಚೆಂಗೆಪ್ಪ ನಮ್ಮ ಮನೆಗೆ ಬಂದು ಹೇಳಿದ. ಪೂಜೆಯೆಲ್ಲ ಮುಗಿದು ಕಾಯಿ ಒಡೆಯಬೇಕು ಎನ್ನುವಾಗ ನಿನ್ನ ಮಾಮ ತಡೆದರಂತೆ. ಪಂಚೆ ಎತ್ತಿ ಕಟ್ಟಿ, ಒಂದೊಂದೇ ಮಷೀನಿನ ಅಡಿಗೆ ಬಗ್ಗಿ ನೋಡಿದರಂತೆ, ನೆಲಕ್ಕೆ ಗಲ್ಲ ತಾಗುವಷ್ಟು. ಸಾಹುಕಾರರು ಇವರಿಗೆ, “ಕೊಟ್ರಯ್ಯ, ಜಲ್ದಿ ಮಾಡೋ, ರಾಹುಕಾಲ ಬರತೈತಿ” ಎಂದು ಕೂಗಿದರಂತೆ. ಇವರು ಕಡೆಯ ಮಷೀನಿನವರೆಗೂ ನೋಡಿ, ಎದ್ದು ಮೊಣಕಾಲು ಕೊಡವಿಕೊಂಡು, “ಈಗ ಒಡೀರಿ” ಎಂದರಂತೆ. ಒಡೆದಾಗ ಅಲ್ಲೇ ನಿಂತಿದ್ದರಂತೆ, ಹೊರಗೆ ಹೋಗಲಿಲ್ಲವಂತೆ. ಉಚ್ಚೆಂಗೆಪ್ಪನಿಗೆ ಇದು ಯಾಕೆ ದೊಡ್ಡ ಮಾತು ಎಂದು ಗೊತ್ತಿಲ್ಲ, ಮಿಲ್ಲಿನವರು ನಕ್ಕಿದ್ದನ್ನು ಹೇಳಲು ಬಂದಿದ್ದ. ನಾನು ಅವನಿಗೆ ಚಹಾ ಕೊಟ್ಟು ಒಳಗೆ ಹೋಗಿ ಜಗಲಿಯ ಮುಂದೆ ಕುಳಿತುಬಿಟ್ಟೆ.

ಸಂಜೆ ನಿನ್ನ ಮಾಮ ಮನೆಗೆ ಬಂದು ಕೈಕಾಲು ತೊಳೆದುಕೊಂಡು, ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟರು.

“ನಿಂತ ಮ್ಯಾಲೆ ಕೆಳಗ ಬಗ್ಗಿ ನೋಡಬೇಕು. ಅಷ್ಟ.”

ನಿನ್ನ ಕೂಸಿಗೆ ಬಗ್ಗುವುದಕ್ಕೆ ಬರುತ್ತದೆಯೇ? ನಾನು ಆಡಿದಾಗ ಬರುತ್ತಿರಲಿಲ್ಲ.

ಅಕ್ಕ


ಹೊಸಪೇಟೆ
15 ಅಕ್ಟೋಬರ್ 2025

ಅಕ್ಕಾ,

ಬಗ್ಗುವುದನ್ನು ಕಲಿಸಿದೆ. ಕೆಳಮುಖ ಬಾಣದ ಗುರುತಿನ ಗುಂಡಿ ಒತ್ತಿದರೆ ಕೂಸು ಮೊಣಕಾಲೂರಿ ಬೆಲ್ಟಿನ ಅಡಿ ನೋಡುತ್ತದೆ.

ಅಲ್ಲಿ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಖಾಲಿ ಬಿಟ್ಟರೆ ಯಲ್ಲೇಶ ಇರಲೇ ಇಲ್ಲ ಎಂದ ಹಾಗೆ. ಅವನನ್ನು ಹೇಗಿದ್ದನೋ ಹಾಗೆ ಬರೆಯಲು ನನ್ನ ಕೈಯಿಂದ ಆಗದು, ನಾನು ನೋಡಿದ್ದೇನೆ. ಜೀವಂತ ಬರೆಯಲೇ? ನಾಲ್ಕು ಸಲ ಬರೆದು ಅಳಿಸಿದೆ. ಅವನ ಮುಖ ಚೌಕಗಳಲ್ಲಿ ಬರುತ್ತದೆ, ನಗುವೂ ಬರುತ್ತದೆ. ಆದರೆ ಅದನ್ನು ಬರೆಯಲು ನಾನು ಯಾರು? ಅವನಮ್ಮ ಒಂದು ದಿನ ಯಾರದೋ ಫೋನಿನಲ್ಲಿ ನೋಡಿದರೆ?

ದೀಪಾವಳಿಗೆ ಬಿಡುವುದಿಲ್ಲ. ಪೂಜಿತಾಗೆ ಎಲ್ಲ ಹೇಳಿದೆ. ಅವಳು ಕೊನೆಯ ಹಂತದ ಸಂಗೀತವನ್ನೇ ತೆಗೆದುಹಾಕಿದಳು.

ಹೊಸದನ್ನು ಹಾಕಿರುವ ಇನ್ನೊಂದು ಫೋನನ್ನು ಹುಲುಗೇಶನ ಕೈಯಲ್ಲಿ ಕಳಿಸಿದ್ದೇನೆ. ಇಬ್ಬರೂ ನೋಡಿ.

ಹಂಪೇಶ್


ಕಂಪ್ಲಿ
3 ನವೆಂಬರ್ 2025

ತಮ್ಮಾ ಹಂಪೇಶ,

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಕೇಳಿ, ಅಂಗಿ ಹಾಕಿಕೊಂಡು ಹೊರಗೆ ಹೋದವರು ಹೊತ್ತು ಮುಳುಗಿದ ಮೇಲೆ ಬಂದು, “ಇದು ಅವರವ್ವನ್ನ ಕೇಳೋ ಮಾತು. ಕೇಳಬೇಕಾದವ ನಾನು, ಅವನಲ್ಲ” ಎಂದರು.

ನಿನ್ನೆ ಭಾನುವಾರ ದರೋಜಿಗೆ ಹೋಗಿ ಬಂದೆವು. ಬಸ್ಸಿಳಿದ ಮೇಲೆ ಅವರು ಅಂಗಡಿಯ ಮುಂದೆ ನಿಂತು ಬಾಳೆಹಣ್ಣು ಕೊಳ್ಳಲೇ ಎಂದು ಕೇಳಿದರು. ಬೇಡ, ಬರಿಗೈಲೇ ಹೋಗೋಣ ಎಂದೆ. ಹಣ್ಣು ಕೊಟ್ಟು ಕೇಳುವ ಮಾತಲ್ಲ ಅದು.

ಯಲ್ಲೇಶನ ತಾಯಿ ಎರ್ರಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಒಂದು ತಂಬಿಗೆ ನೀರು ತಂದಿಟ್ಟು, “ಕುಂದ್ರಿ ಮೇಸ್ತ್ರಿ” ಎಂದಳು. ನಿನ್ನ ಮಾಮ ನೆಲದ ಮೇಲೆ ಕುಳಿತರು.

“ಎರ್ರಮ್ಮ, ನಾನು ಬರಬೇಕಿತ್ತು. ಬರಲಿಲ್ಲ.”

“ಹೌದು, ಬರಲಿಲ್ಲ” ಎಂದು ಅವಳು ಶೇಂಗಾ ಸುಲಿಯುತ್ತಲೇ ಇದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ. ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಜೀಪಿನ ಕಾಯಿ, ತನ್ನ ಕೈ, ಹರಿದ ಹಗ್ಗ, ಬಗ್ಗಿ ನೋಡದೆ ಇದ್ದದ್ದು, ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಕಾರಣ ಹೇಳಲಿಲ್ಲ. ಅವಳು ಅಳಲಿಲ್ಲ. ಒಮ್ಮೆ ಮಾತ್ರ, “ಹೂವು ಕಟ್ಟಿ ಮುಗಿಸಿದ್ದನೇನು?” ಎಂದು ಕೇಳಿದಳು. ಮುಗಿಸಿದ್ದ ಎಂದರು ಇವರು.

ಆಮೇಲೆ ಫೋನು ತೆಗೆದರು. ನಿಮ್ಮ ಮಗನ ಗೆಳೆಯ ಮಾಡಿದ್ದು, ಬೆಲ್ಟು ನಿಂತ ಮೇಲೆ ಕೆಳಗೆ ಏನು ಬರೆಯಬೇಕೆಂದು ಕೇಳಿದ್ದಾನೆ, ನಿಮ್ಮನ್ನು ಕೇಳದೆ ಬರೆಯುವುದಿಲ್ಲವಂತೆ ಎಂದು ನಾನು ಬಿಡಿಸಿ ಹೇಳಿದೆ. ಇವರು ಆಡಿ ತೋರಿಸಿದರು. ಎರಡು ಸಲ ಕೂಸನ್ನು ಬೀಳಿಸಿದರು. ಮೂರನೆಯ ಸಲ ಕೂಸು ಹಗ್ಗ ಹಿಡಿದು ಜಗ್ಗಿತು, ಬೆಲ್ಟು ನಿಂತಿತು. ಸಂಗೀತ ಇಲ್ಲದ್ದು ಒಳ್ಳೆಯದಾಯಿತು. ಕೂಸು ಮೊಣಕಾಲೂರಿ ಬಗ್ಗಿತು. ಕೆಳಗೆ ಬರೀ ಕತ್ತಲೆ.

ಎರ್ರಮ್ಮ ಫೋನನ್ನು ತನ್ನ ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ನನ್ನ ಮಗ ಇದರ ಕೆಳಗ ಅದಾನೇನು?”

ಹೌದು ಎಂದರು ನಿನ್ನ ಮಾಮ.

“ಹಂಗಾರ ಹೊರಗ ತಗೀರಿ. ಎಷ್ಟು ವರ್ಷ ಕತ್ತಲಾಗ ಕುಂದ್ರಿಸ್ತೀರಿ ಅವನ್ನ?”

ಹಂಪೇಶ ಹಾಗೆಯೇ ಬರೆಯುತ್ತಾನೆ, ಕೂಸು ಕೈ ಹಿಡಿದು ಅವನನ್ನು ಹೊರಗೆ ತರುತ್ತದೆ ಎಂದು ನಾನೇ ಹೇಳಿದೆ. ಎರ್ರಮ್ಮ ತಲೆ ಅಲ್ಲಾಡಿಸಿದಳು. ಕಟ್ಟೆಯ ಮೇಲೆ ಟವೆಲ್ ಹಾಕಿಕೊಂಡು ನಿಂತ ದೊಡ್ಡ ರೋಬೋಟಿನ ಮೇಲೆ ಬೆರಳಿಟ್ಟಳು. ಅದು ಯಾರೆಂದು ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

“ಕೂಸು ಸಣ್ಣದು. ನನ್ನ ಮಗ ಎತ್ತರಾಳು, ಅದರ ಕೈಲೆ ಎತ್ತಾಕ ಆಗಂಗಿಲ್ಲ. ಈ ದೊಡ್ಡವ ಸುಮ್ನ ನಿಂತಾನಲ್ಲ, ಇವ ಇಳದು ಬರ್ಲಿ. ಇವ ಬಗ್ಗಿ ತಗೀಲಿ.”

ಅವಳು ಹೇಳಿದ್ದು ಇಷ್ಟೇ, ತಮ್ಮಾ. ಒಂದು ಮಾತೂ ಕೂಡಿಸಿಲ್ಲ, ಕಳೆದಿಲ್ಲ. ಹಾಗೆಯೇ ಬರಿ.

ನಿನ್ನ ಅಕ್ಕ
ಭರಮಮ್ಮ